‘ಸೂಪರ್ ಸರ್’ ಆದಮೇಲೆ ಏನು? ಬೇರೆಯವರ ಫೋಟೊ ಬಗ್ಗೆ ಮಾತಾಡುವುದು ಹೇಗೆ

ಭಾನುವಾರ ಸಂಜೆ ಹೊತ್ತಿಗೆ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನ ಯಾವ ವಾಟ್ಸ್‌ಆ್ಯಪ್ ಗ್ರೂಪು ತೆರೆದರೂ ನಂದಿ ಬೆಟ್ಟದ ಸೂರ್ಯೋದಯ ಒಂದಾದರೂ ಸಿಗುತ್ತದೆ. 1,478 ಮೀಟರ್ ಎತ್ತರದ ಬೆಟ್ಟ, ಕೆಳಗೆ ಮಂಜು, ಮೇಲೆ ಕಿತ್ತಳೆ ಆಕಾಶ, ಬಂಡೆ ಮೇಲೆ ಕೈ ಚಾಚಿ ನಿಂತ ಗೆಳೆಯ. ಕೆಳಗೆ ಉತ್ತರಗಳ ಸಾಲು: ‘ಸೂಪರ್ ಸರ್’, ‘ಸಖತ್ ಅಣ್ಣ’, ಒಂದಷ್ಟು ಚಪ್ಪಾಳೆ. ಅಪರೂಪಕ್ಕೆ ಒಬ್ಬರು ‘ಏನೋ ಮಿಸ್ ಹೊಡೀತಿದೆ’ ಎಂದು ಬರೆದು ಸುಮ್ಮನಾಗುತ್ತಾರೆ. ಏನು ಮಿಸ್ ಆಗಿದೆ ಅಂತ ಹೇಳುವುದಿಲ್ಲ. ಮುಂದಿನ ವಾರ ಅದೇ ಬೆಟ್ಟ, ಅದೇ ಬಂಡೆ, ಹೆಚ್ಚುಕಮ್ಮಿ ಅದೇ ಫೋಟೊ.

ಹೊಗಳುವುದರಲ್ಲಿ ತಪ್ಪೇನಿಲ್ಲ. ಹೊಸಬರಿಗೆ ಅದು ಬೇಕೂ ಬೇಕು. ಆದರೆ ‘ಸೂಪರ್’ ಕೇಳಿದವರು ನಾಳೆ ಬೇರೆ ಏನನ್ನಾದರೂ ಮಾಡುತ್ತಾರಾ? ಇಲ್ಲ. ‘ಚೆನ್ನಾಗಿಲ್ಲ’ ಅಂದರೂ ಅಷ್ಟೇ. ಎರಡೂ ಮಾತು ಫೋಟೊ ಒಳಗೆ ಕಾಲಿಡುವುದೇ ಇಲ್ಲ. ‘ನಿಮ್ಮ ಗೆಳೆಯನ ತಲೆ ಹಿಂದಿನ ಬೆಟ್ಟದ ಗೆರೆಗೆ ಅಂಟಿಕೊಂಡಿದೆ, ನೀವು ಸ್ವಲ್ಪ ಕುಕ್ಕರುಗಾಲಲ್ಲಿ ಕೂತು ತೆಗೆದಿದ್ದರೆ ತಲೆ ಆಕಾಶಕ್ಕೆ ಬರುತ್ತಿತ್ತು’ ಅಂದರೆ ಮಾತ್ರ ಅವರ ಕೈಗೆ ಏನೋ ಸಿಕ್ಕಿತು. ಅದು ಫೀಡ್‌ಬ್ಯಾಕ್.

ಇಂಥ ಮಾತು ಯಾಕೆ ಕಷ್ಟ? ಫೋಟೊ ತೆಗೆದವರು ಮತ್ತು ನೋಡುವವರು ಒಂದೇ ಚಿತ್ರವನ್ನು ನೋಡುತ್ತಿರುವುದಿಲ್ಲ. ತೆಗೆದವರಿಗೆ ಬೆಳಗಿನ ಜಾವದ ಚಳಿ ನೆನಪಿದೆ. ಗೇಟಿನ ಹತ್ತಿರ ಕಾದಿದ್ದು, ಮಂಜು ಸರಿದ ಆ ಒಂದು ಗಳಿಗೆ, ಪಕ್ಕದಲ್ಲಿದ್ದವರ ನಗು, ಎಲ್ಲವೂ ಆ ಫೋಟೊಕ್ಕೆ ಅಂಟಿಕೊಂಡೇ ಬರುತ್ತದೆ. ನೋಡುವವರ ಕೈಗೆ ಬರುವುದು ಅಂಗೈಯಗಲದ ಒಂದು ಚೌಕ ಮಾತ್ರ. ಚಳಿ ಅದರಲ್ಲಿಲ್ಲ, ಸುಸ್ತೂ ಇಲ್ಲ. ಆ ಚೌಕದಲ್ಲಿ ನಿಜವಾಗಿ ಏನು ಉಳಿದಿದೆ ಎಂದು ತೆಗೆದವರಿಗೆ ತಿಳಿಸುವುದೇ ಫೀಡ್‌ಬ್ಯಾಕ್ ಕೊಡುವವರ ಕೆಲಸ. ತೀರ್ಪು ಕೊಡುವುದು ಆಮೇಲಿನ ಮಾತು. ಎಷ್ಟೋ ಸಲ ಅದರ ಅಗತ್ಯವೂ ಇರುವುದಿಲ್ಲ.

ಮೊದಲು ಕಂಡದ್ದನ್ನು ಹೇಳಿ

ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ತುಮಕೂರಿನಲ್ಲಿ ಕ್ಯಾಮೆರಾ ಇರುವವರೆಲ್ಲ ಒಂದು ಸುತ್ತು ಹೋಗಿಯೇ ಹೋಗುತ್ತಾರೆ. ಒಬ್ಬ ಹುಡುಗ ಒಂದು ಜೊತೆ ಹಳ್ಳಿಕಾರ್ ಎತ್ತು, ಪಕ್ಕದಲ್ಲಿ ಪೇಟ ಕಟ್ಟಿದ ಯಜಮಾನರು ಇರುವ ಫೋಟೊ ತಂದ ಎಂದುಕೊಳ್ಳಿ. ಎತ್ತುಗಳು ಚೆನ್ನಾಗಿವೆ, ಮುಖ ಚೆನ್ನಾಗಿದೆ. ಹಿಂದೆ ಒಂದು ದೊಡ್ಡ ಹಳದಿ ಫ್ಲೆಕ್ಸ್ ಇದೆ. ಹುಡುಗನಿಗೆ ಅದು ಕಾಣುತ್ತಲೇ ಇಲ್ಲ. ಅವನು ನೋಡಿದ್ದು ಎತ್ತನ್ನು, ಅವನ ಮನಸ್ಸಿನಲ್ಲಿರುವುದೂ ಎತ್ತೇ.

‘ಬ್ಯಾಕ್‌ಗ್ರೌಂಡ್ ಸರಿಯಿಲ್ಲ’ ಎಂದುಬಿಡಬಹುದು. ಅದರ ಬದಲು ಹೀಗೆ ಹೇಳಿ ನೋಡಿ: ‘ನನ್ನ ಕಣ್ಣು ಮೊದಲು ಹಳದಿ ಫ್ಲೆಕ್ಸ್‌ಗೆ ಹೋಯ್ತಪ್ಪ. ಅಲ್ಲಿ ಏನು ಬರೆದಿದೆ ಅಂತ ಓದಿದೆ. ಆಮೇಲೆ ಯಜಮಾನರ ಮುಖ ನೋಡಿದೆ. ಎತ್ತು ಮೂರನೇದು.’ ಇದರಲ್ಲಿ ತಪ್ಪು ಹುಡುಕಿದ್ದು ಏನೂ ಇಲ್ಲ. ಜಗಳ ಮಾಡುವುದಕ್ಕೂ ಆಗುವುದಿಲ್ಲ, ಯಾಕಂದರೆ ನಿಮ್ಮ ಕಣ್ಣು ಎಲ್ಲಿ ಹೋಯಿತು ಅಂತ ನಿಮಗಷ್ಟೇ ಗೊತ್ತು. ಹುಡುಗನೇ ‘ಅಯ್ಯೋ ಹೌದಲ್ವಾ ಅಣ್ಣ’ ಅನ್ನುತ್ತಾನೆ. ಮುಂದಿನ ಸಲ ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ, ಫ್ಲೆಕ್ಸನ್ನು ಎತ್ತಿನ ಮೈ ಹಿಂದೆ ಅಡಗಿಸಿ ತೆಗೆಯುತ್ತಾನೆ.

ಕಣ್ಣು ಎಲ್ಲಿಗೆ ಓಡುತ್ತದೆ ಅನ್ನುವುದಕ್ಕೆ ಒಂದಿಷ್ಟು ಲೆಕ್ಕವಿದೆ. ಫ್ರೇಮಿನಲ್ಲಿ ಎಲ್ಲಕ್ಕಿಂತ ಬೆಳ್ಳಗಿರುವ ಜಾಗ, ಮನುಷ್ಯರ ಮುಖ, ಓದಬಹುದಾದ ಅಕ್ಷರ, ಸುತ್ತಲಿನ ಬಣ್ಣಕ್ಕೆ ಹೊಂದದ ಒಂದು ಗಾಢ ಬಣ್ಣ. ಇವು ಮೊದಲು ಸೆಳೆಯುತ್ತವೆ. ಅನುಮಾನ ಇದ್ದರೆ ಫೋಟೊವನ್ನು ತಲೆಕೆಳಗು ಮಾಡಿ ನೋಡಿ, ಇಲ್ಲವೇ ಗ್ಯಾಲರಿಯಲ್ಲಿ ಚಿಕ್ಕದಾಗಿ ನೋಡಿ. ಎತ್ತು, ಮುಖ ಅನ್ನುವ ಅರ್ಥ ಸ್ವಲ್ಪ ಮರೆಯಾಗಿ ಬರೀ ಬೆಳಕು, ಕತ್ತಲು, ಬಣ್ಣದ ತುಂಡುಗಳು ಕಾಣುತ್ತವೆ. ಫ್ಲೆಕ್ಸ್ ಆಗ ಎದ್ದು ಹೊಡೆಯುತ್ತದೆ.

ಕಂಡದ್ದನ್ನು ಮೊದಲು ಹೇಳಿ ಅಭಿಪ್ರಾಯವನ್ನು ಕೊನೆಗೆ ಇಡುವ ಈ ಕ್ರಮವನ್ನು ಚೆನ್ನಾಗಿ ಕಟ್ಟಿದವರು ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್. 1990ರ ಸುಮಾರಿಗೆ ನೃತ್ಯಕ್ಕೆಂದು ರೂಪಿಸಿದ ಅವರ ಪದ್ಧತಿ ಈಗ ಬೇರೆ ಕಲೆಗಳಲ್ಲೂ ಬಳಕೆಯಲ್ಲಿದೆ. ನೋಡಿದವರು ಮೊದಲು ತಮಗೆ ಏನು ನಾಟಿತು ಎಂದು ಹೇಳುತ್ತಾರೆ. ಆಮೇಲೆ ಮಾಡಿದವರು ತಮ್ಮ ಪ್ರಶ್ನೆ ಕೇಳುತ್ತಾರೆ. ಮೂರನೆಯದಾಗಿ ನೋಡಿದವರ ಸರದಿ, ಆದರೆ ಅವರ ಪ್ರಶ್ನೆಯೊಳಗೆ ಅಭಿಪ್ರಾಯ ಬಚ್ಚಿಟ್ಟಿರಬಾರದು. ‘ಯಾಕೆ ಇಷ್ಟು ಕತ್ತಲೆ ಮಾಡಿಟ್ಟಿದ್ದೀರಿ?’ ಅನ್ನುವುದು ಪ್ರಶ್ನೆಯ ವೇಷ ಹಾಕಿದ ಬೈಗುಳ. ‘ಇಲ್ಲಿ ಬೆಳಕು ಹೇಗಿರಬೇಕು ಅಂತ ಅಂದುಕೊಂಡಿದ್ರಿ?’ ಅನ್ನುವುದು ನಿಜವಾದ ಪ್ರಶ್ನೆ. ಕೊನೆಗೆ ಅಭಿಪ್ರಾಯ, ಅದೂ ಅನುಮತಿ ಕೇಳಿ: ‘ಬೆಳಕಿನ ಬಗ್ಗೆ ಒಂದು ಮಾತಿದೆ, ಹೇಳಲಾ?’

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಫೋಟೊ ನೋಡುವಾಗ ಯಾರೂ ಈ ನಾಲ್ಕು ಹಂತ ಎಣಿಸುತ್ತಾ ಕೂರುವುದಿಲ್ಲ. ನನಗೂ ಪೂರ್ತಿ ಪದ್ಧತಿ ಸ್ವಲ್ಪ ಜಾಸ್ತಿಯೇ ಅನ್ನಿಸುತ್ತದೆ. ಆದರೆ ಮೂರನೇ ಹಂತ ಚಿನ್ನದಂಥದ್ದು. ಕತ್ತಲೆ ಬೇಕಂತಲೇ ಇಟ್ಟಿದ್ದರೆ ಅಲ್ಲಿಗೆ ಆ ಚರ್ಚೆ ಮುಗಿಯಿತು. ಅಚಾತುರ್ಯದಿಂದ ಆಗಿದ್ದರೆ ಪಾಠ ಅಲ್ಲಿಂದ ಶುರುವಾಗುತ್ತದೆ. ಕೇಳದೆ ಅದು ಗೊತ್ತಾಗುವುದಿಲ್ಲ.

‘ಶಾರ್ಪ್ ಇಲ್ಲ’ ಅಂದರೆ ಯಾವ ಥರ ಇಲ್ಲ?

ಹಕ್ಕಿ ಫೋಟೊ ತೆಗೆಯುವವರು ಅತಿ ಹೆಚ್ಚು ಕೇಳಿಸಿಕೊಳ್ಳುವ ಮಾತು ‘ಶಾರ್ಪ್ ಇಲ್ಲ ಸರ್’. ಡಾಕ್ಟರ್ ಹತ್ತಿರ ಹೋಗಿ ‘ಹುಷಾರಿಲ್ಲ’ ಅಂತಷ್ಟೇ ಹೇಳಿದಂತೆ ಇದು. ಜ್ವರವೋ, ಹೊಟ್ಟೆನೋವೋ ಗೊತ್ತಾಗದೆ ಔಷಧಿ ಕೊಡುವುದು ಹೇಗೆ? ಫೋಟೊ ಮಸುಕಾಗುವುದಕ್ಕೆ ಹಲವು ಕಾರಣ, ಒಂದೊಂದಕ್ಕೂ ಪರಿಹಾರ ಬೇರೆ. ಒಳ್ಳೆಯ ಸುದ್ದಿ ಏನೆಂದರೆ, ಕಾರಣ ಫೋಟೊದಲ್ಲೇ ಬರೆದಿರುತ್ತದೆ. ಓದುವುದು ಗೊತ್ತಿರಬೇಕು.

ಶಿರಾ ಹತ್ತಿರದ ಕಗ್ಗಲಡು ಊರಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅಲ್ಲಿ ತೆಗೆದ ಒಂದು ಮಸುಕು ಫೋಟೊ ನಿಮ್ಮ ಮುಂದಿದೆ. ದೊಡ್ಡದು ಮಾಡಿ ಮೂಲೆ ಮೂಲೆ ನೋಡಿ. ಹಕ್ಕಿ, ಕೊಂಬೆ, ಎಲೆ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಇದ್ದರೆ, ಹೊಳೆಯುವ ಚುಕ್ಕೆಗಳೆಲ್ಲ ಪುಟ್ಟ ಗೆರೆಗಳಾಗಿದ್ದರೆ, ಕೈ ಅಲುಗಿದೆ. ಇದಕ್ಕೆ ಹಳೇ ಸೂತ್ರವೊಂದಿದೆ: ಲೆನ್ಸ್ 300 ಎಂಎಂ ಆದರೆ ಷಟರ್ ಸ್ಪೀಡ್, ಅಂದರೆ ಬೆಳಕು ಒಳಗೆ ಬರಲು ಕ್ಯಾಮೆರಾ ತೆರೆದಿರುವ ಹೊತ್ತು, ಕನಿಷ್ಠ ಸೆಕೆಂಡಿನ 1/300ರ ಸುಮಾರು ಇರಲಿ. ಲೆನ್ಸಿನಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ಇನ್ನೂ ಕಮ್ಮಿಯಲ್ಲೂ ನಡೆಯುತ್ತದೆ.

ಕೊಂಬೆ ಚೂಪಾಗಿದ್ದು ಕೊಕ್ಕರೆಯ ರೆಕ್ಕೆ ತುದಿ ಮಾತ್ರ ಮಸುಕಾಗಿದ್ದರೆ ಕೈ ಗಟ್ಟಿಯಾಗಿಯೇ ಇತ್ತು, ಹಕ್ಕಿ ಅಲುಗಿತು. ಇಲ್ಲಿ ಅಲುಗಾಟ ತಡೆಯುವ ಲೆನ್ಸಾಗಲಿ, ಟ್ರೈಪಾಡ್ ಆಗಲಿ ಏನೂ ಮಾಡಲಾರದು. ಹಾರುವ ಹಕ್ಕಿಗೆ 1/1000, ಸಣ್ಣ ಚುರುಕು ಹಕ್ಕಿಯಾದರೆ 1/2000 ಅಥವಾ ಅದಕ್ಕೂ ಮೇಲೆ ಹೋಗಬೇಕು. ಇನ್ನು ಹಕ್ಕಿ ಪೂರ್ತಿ ಮಸುಕು, ಅದರ ಮುಂದಿನ ಹುಣಸೆ ಎಲೆ ಮಾತ್ರ ಗೆರೆ ಗೆರೆ ಕಾಣುವಷ್ಟು ಚೂಪು ಅಂದರೆ ಫೋಕಸ್ ಎಲೆ ಮೇಲೆ ಕೂತಿದೆ. ಷಟರ್ ಸ್ಪೀಡ್ ಎಷ್ಟು ಏರಿಸಿದರೂ ಇದು ಸರಿಹೋಗದು. ಫೋಕಸ್ ಮಾಡುವ ಚೌಕವನ್ನು ಚಿಕ್ಕದು ಮಾಡಿ ಹಕ್ಕಿಯ ಕಣ್ಣಿನ ಮೇಲೆ ಇಡಬೇಕು.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲಲ್ಲಿ ಕೃಷ್ಣಮೃಗ ತೆಗೆದವರಿಗೆ ನಾಲ್ಕನೇ ಕಾರಣವೂ ಗೊತ್ತಿರಬೇಕು. ಮಧ್ಯಾಹ್ನದ ಬಿಸಿಲಿಗೆ ನೆಲ ಕಾದು, ಬಿಸಿಗಾಳಿ ಮೇಲೇಳುತ್ತಾ ನಡುಗುತ್ತದೆ. ದೂರದ ಜಿಂಕೆ ನೀರಿನೊಳಗಿಂದ ಕಂಡಂತೆ ಅಲೆಯಲೆಯಾಗಿ ಬರುತ್ತದೆ. ಎಷ್ಟು ಲಕ್ಷದ ಲೆನ್ಸ್ ಇದ್ದರೂ ಪ್ರಯೋಜನವಿಲ್ಲ. ‘ಬೆಳಗ್ಗೆ ಬೇಗ ಹೋಗಿ’ ಅನ್ನುವುದೊಂದೇ ಸರಿಯಾದ ಫೀಡ್‌ಬ್ಯಾಕ್. ಇದು ಗೊತ್ತಿಲ್ಲದ ಯಾರೋ ‘ಲೆನ್ಸ್ ಬದಲಾಯಿಸಿ’ ಅಂದರೆ ಎದುರಿಗಿರುವವರ ಸಂಬಳ ಹೋಯಿತು. ಮೊಬೈಲ್‌ನಲ್ಲಾದರೆ ಕಾರಣ ಇನ್ನೂ ಸರಳ ಇರಬಹುದು. ದೀಪಗಳಿಂದೆಲ್ಲ ಬೆಳಕು ಎಳೆ ಎಳೆಯಾಗಿ ಹರಡಿದ್ದರೆ ಲೆನ್ಸ್ ಮೇಲೆ ಬೆರಳಿನ ಎಣ್ಣೆ ಕೂತಿದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಆಯಿತು.

ಒಂದು ಮಾತು ಇಲ್ಲೇ ಸೇರಿಸಬೇಕು. ಹೊಸಬರು ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ಏರಿಸಲು ಹೆದರುತ್ತಾರೆ, ‘ನಾಯ್ಸ್ ಬರುತ್ತೆ’ ಅಂತ. ಆ ಹೆದರಿಕೆ ಹುಟ್ಟಿಸಿದವರು ಹೆಚ್ಚಾಗಿ ಫೀಡ್‌ಬ್ಯಾಕ್ ಕೊಟ್ಟ ಹಳಬರೇ. ನಾಯ್ಸನ್ನು ಆಮೇಲೆ ಸಾಕಷ್ಟು ತಗ್ಗಿಸಬಹುದು. ಅಲುಗಿದ ಫೋಟೊವನ್ನು ಸರಿಮಾಡುವುದು ಹೆಚ್ಚುಕಮ್ಮಿ ಆಗದ ಕೆಲಸ. ಕಾಳಿನಂಥ ನಾಯ್ಸ್ ನೋಡಿ ಮೂಗು ಮುರಿಯುವ ಮೊದಲು ಅಲ್ಲಿ ಬೆಳಕು ಎಷ್ಟಿತ್ತು ಅಂತ ಕೇಳಿ.

ಬೆಳಕಿನ ವಿಷಯದಲ್ಲೂ ಇದೇ ಕಥೆ. ‘ಓವರ್ ಆಗಿದೆ’, ಅಂದರೆ ಬೆಳಕು ಜಾಸ್ತಿಯಾಗಿದೆ, ಅನ್ನುವುದು ಅರ್ಧ ಮಾತು. ಬೆಳಕು ಅಳೆಯುವ ಕ್ಯಾಮೆರಾದ ಮೀಟರಿಗೆ ಕೊಕ್ಕರೆ ಬಿಳಿ ಅಂತ ಗೊತ್ತಿಲ್ಲ. ಅದು ಇಡೀ ದೃಶ್ಯವನ್ನು ಸರಾಸರಿ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಹುಣಸೆ ಮರದ ಗಾಢ ನೆರಳಲ್ಲಿ ಚಿಕ್ಕದೊಂದು ಬಿಳಿ ಹಕ್ಕಿ ಇದ್ದರೆ ಮೀಟರ್ ನೆರಳನ್ನು ನೋಡಿ ಬೆಳಕು ಏರಿಸುತ್ತದೆ. ಹಕ್ಕಿಯ ಗರಿ ಸುಟ್ಟು ಬೆಳ್ಳಗಾಗುತ್ತದೆ. ಅದೇ ಹಕ್ಕಿ ಫ್ರೇಮ್ ತುಂಬಾ ಬಂದರೆ ಉಲ್ಟಾ: ಬಿಳಿಯೆಲ್ಲ ಬೂದಿಯಂತೆ ಮಂಕಾಗುತ್ತದೆ. ಮೊದಲನೆಯದಕ್ಕೆ ‘ಎಕ್ಸ್‌ಪೋಷರ್ ಕಾಂಪನ್ಸೇಶನ್ ಮೈನಸ್ ಒಂದಕ್ಕೆ ಇಟ್ಟು ನೋಡಿ’, ಎರಡನೆಯದಕ್ಕೆ ‘ಪ್ಲಸ್ ಒಂದಕ್ಕೆ ಇಟ್ಟು ನೋಡಿ’ ಅನ್ನಬೇಕು. ಮೀಟರ್ ಆರಿಸಿದ ಬೆಳಕನ್ನು ನಾವೇ ತಗ್ಗಿಸುವ, ಏರಿಸುವ ಸೆಟ್ಟಿಂಗ್ ಇದು. ಮೊಬೈಲ್ ಇರುವವರಿಗೆ ಹಕ್ಕಿ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಕ್ಕೋ ಮೇಲಕ್ಕೋ ಎಳೆಯಲು ಹೇಳಿದರೆ ಸಾಕು.

ಕೋಲಾರದ ಎಪಿಎಂಸಿಯಲ್ಲಿ ಟೊಮ್ಯಾಟೊ ರಾಶಿ ತೆಗೆದವರಿಗೆ ಬೇರೆ ತೊಂದರೆ. ಬಾಕ್ಸುಗಳಲ್ಲಿ ತುಂಬಿದ ಕೆಂಪು ಚಂದವೇ. ಆದರೆ ಫೋಟೊದಲ್ಲಿ ಒಂದು ಹಣ್ಣಿಗೂ ಇನ್ನೊಂದಕ್ಕೂ ಗೆರೆ ಇರುವುದಿಲ್ಲ, ಕೆಂಪು ಬಣ್ಣ ಚೆಲ್ಲಿದಂತಿರುತ್ತದೆ. ಫೋಟೊ ಒಟ್ಟಾರೆ ಓವರ್ ಆಗದಿದ್ದರೂ ಕೆಂಪು ಬಣ್ಣವೊಂದೇ ತನ್ನ ಮಿತಿ ಮುಟ್ಟಿ ನಿಂತುಬಿಡುತ್ತದೆ, ಆಗ ಹೀಗಾಗುತ್ತದೆ. ಅದರ ಮೇಲೆ ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸಿದರೆ ಮುಗಿಯಿತು. ಇದಕ್ಕೆ ಹೇಳಬೇಕಾದ್ದು: ಸ್ವಲ್ಪ ಡಾರ್ಕ್ ಆಗಿ ತೆಗೆಯಿರಿ, ಸ್ಯಾಚುರೇಶನ್ ಮುಟ್ಟಬೇಡಿ.

ಯಾವುದನ್ನು ಈಗ ಸರಿಮಾಡಬಹುದು?

ಒಂದು ಫೋಟೊ ಬಗ್ಗೆ ಹತ್ತು ಮಾತು ಹೊಳೆಯಬಹುದು. ಹತ್ತನ್ನೂ ಹೇಳಿದರೆ ಕೇಳುವವರಿಗೆ ಒಂದೂ ನೆನಪಿರುವುದಿಲ್ಲ. ಯಾವುದನ್ನು ಆರಿಸುವುದು? ಇದನ್ನು ಈಗಲೇ ಸರಿಮಾಡಬಹುದಾ, ಮುಂದಿನ ಸಲ ಸರಿಮಾಡಬಹುದಾ, ಅಥವಾ ಇದು ಬರೀ ನನ್ನ ರುಚಿಯಾ ಎಂದು ಮನಸ್ಸಿನಲ್ಲೇ ಬೇರೆ ಮಾಡಿಕೊಳ್ಳಿ.

ನಂದಿ ಬೆಟ್ಟದ ಫೋಟೊಗೇ ಬನ್ನಿ. ದಿಗಂತ ಓರೆಯಾಗಿದೆ: ಅರ್ಧ ನಿಮಿಷದಲ್ಲಿ ಮೊಬೈಲಲ್ಲೇ ನೆಟ್ಟಗೆ ಮಾಡಬಹುದು. ಬಲಗಡೆ ಯಾರದೋ ಮೊಣಕೈ ನುಗ್ಗಿದೆ: ಕ್ರಾಪ್ ಮಾಡಬಹುದು. ಸೂರ್ಯನ ಸುತ್ತ ಆಕಾಶ ಪೂರ್ತಿ ಬಿಳಿಯಾಗಿದೆ: ಅಲ್ಲಿ ಮಾಹಿತಿಯೇ ಉಳಿದಿಲ್ಲ, ಯಾವ ಆ್ಯಪ್‌ಗೂ ಅದು ವಾಪಸ್ ಬರದು. ಕತ್ತಲಾದ ಬಂಡೆಯನ್ನು ಸ್ವಲ್ಪ ಬೆಳಗಿಸಬಹುದು, ಸುಟ್ಟ ಆಕಾಶವನ್ನು ತಂಪು ಮಾಡಲಾಗದು. ಹಾಗಾಗಿ ಮುಂದಿನ ಸಲ ಆಕಾಶಕ್ಕೆ ಎಕ್ಸ್‌ಪೋಷರ್ ಹಿಡಿಯಲು ಹೇಳಿ. ಇನ್ನು ‘ನನಗೆ ಕಿತ್ತಳೆಗಿಂತ ನೀಲಿ ಹೊತ್ತು ಇಷ್ಟ’ ಅನ್ನುವುದು ರುಚಿ. ಅದನ್ನು ಹೇಳಬಾರದು ಅಂತಲ್ಲ. ರುಚಿ ಅಂತಲೇ ಹೇಳಿ.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ನಿಯಮದ ವೇಷದಲ್ಲಿ ಬರುವ ರುಚಿ. ‘ಸಬ್ಜೆಕ್ಟ್ ಮಧ್ಯದಲ್ಲಿದೆ, ರೂಲ್ ಆಫ್ ಥರ್ಡ್ಸ್ ಪಾಲಿಸಿಲ್ಲ’ ಎಂಬ ಮಾತು ಎಲ್ಲರಿಗೂ ಬಾಯಿಪಾಠ. ಫ್ರೇಮನ್ನು ಗೆರೆ ಎಳೆದು ಮೂರು ಪಾಲು ಮಾಡಿ, ಮುಖ್ಯವಾದದ್ದನ್ನು ಆ ಗೆರೆಗಳ ಮೇಲೆ ಇಡುವ ಈ ಲೆಕ್ಕಕ್ಕೆ ಹೆಸರಿಟ್ಟು ಬರೆದವರು ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲೆಂಡಿನ ಚಿತ್ರಕಾರ, 1797ರಲ್ಲಿ. ಫೋಟೊಗ್ರಫಿ ಲೋಕಕ್ಕೆ ಪರಿಚಯವಾದದ್ದೇ 1839ರಲ್ಲಿ. ಅವರು ಹೇಳುತ್ತಿದ್ದದ್ದು ಪೇಂಟಿಂಗ್‌ನಲ್ಲಿ ನೆಲ, ಆಕಾಶಗಳ ಪಾಲಿನ ಬಗ್ಗೆ. ಉಪಯೋಗದ ಸಲಹೆ, ಸರಿ. ಆದರೆ ನಂದಿ ಊರಿನ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿಯನ್ನು ತೆಗೆಯುವಾಗ ಏನು ಮಾಡುತ್ತೀರಿ? ನಾಲ್ಕೂ ಕಡೆ ಮೆಟ್ಟಿಲು ಇಳಿದು ಬಂದು ನೀರಿಗೆ ಸೇರುವ ಅಂಥ ಜಾಗದಲ್ಲಿ ನಟ್ಟನಡುವೆ ನಿಂತು ತೆಗೆದರೇನೇ ಚಂದ. ಅಲ್ಲಿ ಮೂರನೇ ಗೆರೆ ಹುಡುಕುವವರು ಕಲ್ಯಾಣಿ ನೋಡುತ್ತಿಲ್ಲ, ಗೆರೆ ನೋಡುತ್ತಿದ್ದಾರೆ. ಮಧ್ಯದಲ್ಲಿದ್ದದ್ದರಿಂದ ಈ ಫೋಟೊಗೆ ಏನು ನಷ್ಟವಾಯಿತು ಎಂದು ಹೇಳಲು ಬಂದರೆ ಮಾತ್ರ ಆ ಮಾತು ಎತ್ತಿ.

ಫೋಟೊ ಬಗ್ಗೆ ಮಾತು, ಮನುಷ್ಯನ ಬಗ್ಗೆ ಅಲ್ಲ

ಫೀಡ್‌ಬ್ಯಾಕ್ ಕೊಟ್ಟರೆ ಎಲ್ಲರೂ ಸುಧಾರಿಸುತ್ತಾರೆ ಅಂತ ನಾವು ನಂಬಿದ್ದೇವೆ. 1996ರಲ್ಲಿ ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೊ ಡಿನಿಸಿ ಎಂಬ ಮನಶ್ಶಾಸ್ತ್ರಜ್ಞರು ಅದುವರೆಗಿನ ಪ್ರಯೋಗಗಳ 607 ಫಲಿತಾಂಶಗಳನ್ನು ಒಟ್ಟುಹಾಕಿ ನೋಡಿದರು. ಸರಾಸರಿಯಲ್ಲಿ ಲಾಭವೇ ಇತ್ತು. ಆದರೆ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಕಡೆ ಫೀಡ್‌ಬ್ಯಾಕ್ ಆದಮೇಲೆ ಕೆಲಸ ಇನ್ನೂ ಕೆಟ್ಟಿತ್ತು. ಅವರು ಕೊಟ್ಟ ವಿವರಣೆ ಸರಳ: ಮಾತು ಕೆಲಸದಿಂದ ಜಾರಿ ಮನುಷ್ಯನ ಕಡೆ, ‘ನಾನು ಎಂಥವನು’ ಅನ್ನುವುದರ ಕಡೆ ಹೋದಷ್ಟೂ ಅದರ ಪ್ರಯೋಜನ ತಗ್ಗುತ್ತದೆ. ಇದು ಬೈಗುಳಕ್ಕೆ ಮಾತ್ರ ಅಲ್ಲ, ಹೊಗಳಿಕೆಗೂ ಅನ್ವಯಿಸುತ್ತದೆ.

‘ನಿಂಗೆ ಕಣ್ಣೇ ಇಲ್ಲ ಮಗಾ’ ಅಂದರೆ ಹುಡುಗನ ತಲೆಯಲ್ಲಿ ತಿರುಗುವುದು ಅವನ ಮರ್ಯಾದೆ, ಫ್ಲೆಕ್ಸ್ ಅಲ್ಲ. ‘ನೀನು ಹುಟ್ಟು ಕಲಾವಿದ’ ಅಂದರೂ ಅಷ್ಟೇ, ಆ ಪಟ್ಟ ಕಳೆದುಕೊಳ್ಳುವ ಭಯಕ್ಕೆ ಅವನು ಹೊಸದನ್ನು ಮುಟ್ಟುವುದಿಲ್ಲ. ‘ಯಜಮಾನರ ಕೈ ಎತ್ತಿನ ಕೊಂಬು ಹಿಡಿದಿರೋ ಜಾಗದಲ್ಲಿ ನನ್ನ ಕಣ್ಣು ನಿಂತುಹೋಯ್ತು’ ಅನ್ನಿ. ಅದೂ ಹೊಗಳಿಕೆಯೇ. ಜೊತೆಗೆ ಮುಂದಿನ ಸಲ ಕೈಗಳನ್ನು ಗಮನಿಸಬೇಕು ಅನ್ನುವುದು ಅವನಿಗೆ ಹೊಳೆಯುತ್ತದೆ.

ಮೊದಲು ಹೊಗಳಿ, ನಡುವೆ ತಪ್ಪು ಹೇಳಿ, ಕೊನೆಗೆ ಮತ್ತೆ ಹೊಗಳಿ ಎಂಬ ಸಲಹೆಯೂ ಚಾಲ್ತಿಯಲ್ಲಿದೆ. ನನಗೆ ಅದರಲ್ಲಿ ನಂಬಿಕೆ ಕಮ್ಮಿ. ಎರಡು ಸಲ ಕೇಳಿದವರು ಮೂರನೇ ಸಲ ‘ಆದ್ರೆ’ ಎಲ್ಲಿ ಬರುತ್ತೆ ಅಂತ ಕಾಯುತ್ತಾ ಕೂರುತ್ತಾರೆ. ಚೆನ್ನಾಗಿರುವುದು ನಿಜವಾಗಿ ಕಂಡರೆ ಹೇಳಿ, ಎಲ್ಲಿ ಅಂತ ತೋರಿಸಿ ಹೇಳಿ. ಕಾಣದಿದ್ದರೆ ಸುಮ್ನೆ ತುರುಕಬೇಡಿ.

ನಮ್ಮ ಕಡೆ ಇನ್ನೊಂದು ಬಿಕ್ಕಟ್ಟಿದೆ. ನಿವೃತ್ತ ಮೇಷ್ಟ್ರು ಒಬ್ಬರು ದೇವರಾಯನದುರ್ಗದ ಫೋಟೊ ಹಾಕುತ್ತಾರೆ. ಅವರ ಹತ್ತಿರ ಓದಿದವರೇ ಗ್ರೂಪಿನಲ್ಲಿ ಅರ್ಧ ಜನ. ತಪ್ಪು ಹೇಳುವವರು ಯಾರು? ಎಲ್ಲರೂ ‘ಅದ್ಭುತ ಸರ್’ ಎಂದು ಕೈ ಮುಗಿಯುತ್ತಾರೆ, ಮೇಷ್ಟ್ರು ಒಂಟಿಯಾಗುತ್ತಾರೆ. ಇಂಥ ಕಡೆ ಪ್ರಶ್ನೆ ಕೆಲಸಕ್ಕೆ ಬರುತ್ತದೆ. ‘ಸರ್, ಇಲ್ಲಿ ನಾವು ಬೆಟ್ಟ ನೋಡ್ಬೇಕಾ, ಮುಂದಿನ ಮರ ನೋಡ್ಬೇಕಾ?’ ಅಂದರೆ ಮರ್ಯಾದೆಗೂ ಧಕ್ಕೆಯಿಲ್ಲ, ವಿಷಯವೂ ಮುಟ್ಟುತ್ತದೆ. ಗ್ರೂಪಿನಲ್ಲಿ ಎಲ್ಲರ ಮುಂದೆ ಹೇಳುವುದಕ್ಕಿಂತ ಫೋನಿನಲ್ಲೋ ಎದುರಾಎದುರೋ ಕೇಳುವುದು ಇನ್ನೂ ಒಳ್ಳೆಯದು. ಮೇಷ್ಟ್ರು ಕೂಡ ‘ಇದರಲ್ಲಿ ಏನು ಸರಿಯಿಲ್ಲ ಹೇಳ್ರಪ್ಪ’ ಎಂದು ಮೊದಲೇ ಬಾಗಿಲು ತೆರೆದಿಟ್ಟರೆ ಕಿರಿಯರಿಗೆ ಧೈರ್ಯ ಬರುತ್ತದೆ.

ಕೇಳಿಸಿಕೊಳ್ಳುವವರಿಗೆ

ಫೋಟೊ ತೋರಿಸುವಾಗ ಕಥೆ ಮೊದಲೇ ಹೇಳಬೇಡಿ. ‘ಅಂತರಗಂಗೆ ಮೆಟ್ಟಿಲು ಹತ್ತಿ ಸುಸ್ತಾಗಿ ಕೂತ ಅಜ್ಜಿ ಇವರು’ ಎಂದು ಹೇಳಿಬಿಟ್ಟರೆ ನೋಡುವವರಿಗೂ ನಿಮ್ಮ ನೆನಪೇ ಕಾಣತೊಡಗುತ್ತದೆ. ಅಲ್ಲಿಗೆ ಅವರ ಕಣ್ಣಿನ ಉಪಯೋಗ ಮುಗಿಯಿತು. ಸುಮ್ಮನೆ ಕೈಗೆ ಕೊಡಿ. ಅವರು ‘ಯಾರಿಗೋ ಕಾಯ್ತಿದ್ದಾರೆ ಅನ್ಸುತ್ತೆ’ ಅಂದರೆ ನಿಮಗೆ ಎರಡು ವಿಷಯ ಗೊತ್ತಾಯಿತು: ಸುಸ್ತು ಫೋಟೊದಲ್ಲಿ ಬಂದಿಲ್ಲ, ಬೇರೆ ಏನೋ ಬಂದಿದೆ. ಬಂದದ್ದು ನಿಮ್ಮ ಉದ್ದೇಶಕ್ಕಿಂತ ಚೆನ್ನಾಗಿರಲೂಬಹುದು.

ಕಥೆ ಬೇಡ, ಆದರೆ ಪ್ರಶ್ನೆ ಬೇಕು. ‘ಹೇಗಿದೆ?’ ಅಂದರೆ ‘ಸೂಪರ್’ ಅನ್ನುವ ಉತ್ತರವೇ ಬರುವುದು. ‘ಬಲಗಡೆ ಕಂಬ ಬಿಟ್ಟಿದ್ದು ತೊಂದರೆ ಕೊಡುತ್ತಾ?’, ‘ಮುಖ ಜಾಸ್ತಿ ಕತ್ತಲಾಯ್ತಾ?’ ಅಂತ ಕೇಳಿದರೆ ಎದುರಿನವರು ನಿಜವಾಗಿ ನೋಡಲೇಬೇಕಾಗುತ್ತದೆ. ಉತ್ತರ ಬಂದಾಗ ವಾದಕ್ಕೆ ಇಳಿಯುವುದು ಸಹಜ. ‘ಅಲ್ಲಿ ಜಾಗ ಇರ್ಲಿಲ್ಲ ಸರ್’, ‘ಜನ ತಳ್ತಾ ಇದ್ರು’. ಇರಬಹುದು. ಆದರೆ ಜಾಗ ಇರಲಿಲ್ಲ ಅನ್ನುವುದು ಫೋಟೊದಲ್ಲಿ ಕಾಣುವುದಿಲ್ಲ, ಕಂಬ ಕಾಣುತ್ತದೆ. ಬರೆದಿಟ್ಟುಕೊಂಡು ಸುಮ್ಮನಿರಿ.

ಎಲ್ಲರ ಮಾತನ್ನೂ ಕೇಳಬೇಕಾಗಿಲ್ಲ. ಒಬ್ಬರು ‘ಬ್ಲ್ಯಾಕ್ ಅಂಡ್ ವೈಟ್ ಮಾಡಿ’ ಅನ್ನುತ್ತಾರೆ, ಇನ್ನೊಬ್ಬರು ‘ಕಲರ್ ಏರಿಸಿ’ ಅನ್ನುತ್ತಾರೆ. ಪರಿಹಾರ ಬೇರೆ ಬೇರೆ ಇದ್ದರೂ ಇಬ್ಬರೂ ತೋರಿಸುತ್ತಿರುವ ಜಾಗ ಒಂದೇ ಇರಬಹುದು: ಬಣ್ಣ ಇಲ್ಲಿ ಏನೂ ಕೆಲಸ ಮಾಡುತ್ತಿಲ್ಲ. ನೋಡುವವರು ತೊಂದರೆ ಎಲ್ಲಿದೆ ಎಂದು ಗುರುತಿಸುವುದರಲ್ಲಿ ಜಾಣರು. ಔಷಧಿ ಬರೆಯುವುದರಲ್ಲಿ ಅಷ್ಟು ಜಾಣರಲ್ಲ. ಸಂಬಂಧವಿಲ್ಲದ ಮೂವರು ಒಂದೇ ಮೂಲೆಗೆ ಬೆರಳಿಟ್ಟರೆ ಆ ಮೂಲೆಯನ್ನು ನೋಡಿ. ಏನು ಮಾಡಬೇಕು ಅನ್ನುವುದನ್ನು ನೀವೇ ತೀರ್ಮಾನಿಸಿ.

ಇನ್ನೊಂದು ಸಣ್ಣ, ಆದರೆ ಎಷ್ಟೋ ಜಗಳ ತಪ್ಪಿಸುವ ವಿಷಯ. ವಾಟ್ಸ್‌ಆ್ಯಪ್‌ನಲ್ಲಿ ಸುಮ್ಮನೆ ಕಳಿಸಿದ ಫೋಟೊ ಕುಗ್ಗಿ ಹೋಗುತ್ತದೆ. ಷಟರ್ ಸ್ಪೀಡ್, ಐಎಸ್‌ಒ ಮಾಹಿತಿಯೂ ಕಳಚಿ ಬೀಳುತ್ತದೆ. ಅದನ್ನು ನೋಡಿ ‘ಶಾರ್ಪ್ ಇಲ್ಲ’ ಅನ್ನುವುದು ನ್ಯಾಯವಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿ. ನೋಡುವವರ ಫೋನಿನಲ್ಲಿ ಕಣ್ಣಿಗೆ ಹಿತ ಎಂದು ಹಾಕಿದ ಹಳದಿ ಫಿಲ್ಟರ್ ಇದ್ದರೆ ನಿಮ್ಮ ಬಿಳಿ ಕೊಕ್ಕರೆ ಹಳದಿಯಾಗಿ ಕಾಣುತ್ತದೆ. ಬಣ್ಣದ ಬಗ್ಗೆ ಮಾತಾಡುವ ಮೊದಲು ಅದನ್ನು ತೆಗೆಯಿರಿ.

ಹೇಗೆ ತೆಗೆದಿರಿ ಎಂದೂ ಕೇಳಬೇಕು

ಕೆಲವು ಫೋಟೊ ಬೆಳಕು, ಫೋಕಸ್, ಫ್ರೇಮ್ ಎಲ್ಲದರಲ್ಲೂ ಗೆದ್ದಿರುತ್ತವೆ. ಆದರೂ ‘ಸೂಪರ್’ ಅನ್ನಬಾರದು. ತುಮಕೂರು ಕಡೆಯ ತೋಪುಗಳಲ್ಲಿ ಕಾಡುಪಾಪ ಇವೆ. ನಾಗವಲ್ಲಿ ಇದಕ್ಕೇ ಹೆಸರಾದ ಊರು. ರಾತ್ರಿ ಓಡಾಡುವ, ಮುಖದ ತುಂಬಾ ಕಣ್ಣೇ ಇರುವ ಪುಟ್ಟ ಪ್ರಾಣಿ ಅದು. ಹತ್ತಿರದಿಂದ ಫ್ಲ್ಯಾಷ್ ಹೊಡೆದು ತೆಗೆದ ಫೋಟೊದಲ್ಲಿ ಕಣ್ಣುಗಳು ಹೊಳೆಯುತ್ತವೆ, ನೋಡುವುದಕ್ಕೆ ಜೋರಾಗಿರುತ್ತದೆ. ಪ್ರಾಣಿ ಆ ಬೆಳಕಿಗೆ ಕಣ್ಣು ಕಾಣದೆ ಕೊಂಬೆ ಹಿಡಿದು ಕೂತಿದೆ ಅನ್ನುವುದನ್ನು ಯಾರಾದರೂ ಹೇಳಬೇಕಲ್ವಾ? ಕಾಡುಪಾಪ, ಕೃಷ್ಣಮೃಗ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಓಡುವ ಕೃಷ್ಣಮೃಗದ ಫೋಟೊ ಬಂದರೆ ಅದು ತಾನಾಗಿ ಓಡಿತೋ, ಗಾಡಿಯಲ್ಲಿ ಅಟ್ಟಿದರೋ ಎಂದು ಕೇಳಿ. ಗೂಡಿನ ಫೋಟೊ ಬಂದರೆ ಎಷ್ಟು ದೂರದಿಂದ ಎಂದು ಕೇಳಿ. ಹೊಗಳಿಕೆ ಸಿಕ್ಕ ಕಡೆಗೇ ನಾಳೆ ಇನ್ನೂ ಹತ್ತು ಜನ ಕ್ಯಾಮೆರಾ ಹಿಡಿದು ಹೋಗುತ್ತಾರೆ.

ಮನುಷ್ಯರ ವಿಷಯದಲ್ಲೂ ಹಾಗೇ. ಶಿಡ್ಲಘಟ್ಟದಲ್ಲಿ ಬಿಸಿನೀರಿನಲ್ಲಿ ಕೈಯಿಟ್ಟು ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಹೆಂಗಸರ ಫೋಟೊ ಎಲ್ಲರಿಗೂ ಇಷ್ಟ. ಆವಿ, ಕಿಟಕಿ ಬೆಳಕು, ಬೆರಳುಗಳು. ಮುಖವನ್ನು ಇನ್ನಷ್ಟು ಕಪ್ಪು ಮಾಡಿ, ಸುಕ್ಕುಗಳನ್ನು ಎಬ್ಬಿಸಿ ‘ಬಡತನ’ ಅಂತ ಹೆಸರಿಟ್ಟರೆ ನಾನಂತೂ ಕೇಳುತ್ತೇನೆ: ಈ ಫೋಟೊವನ್ನು ಆ ಅಕ್ಕನಿಗೆ ತೋರಿಸಿದ್ದೀರಾ? ಅವರು ಏನಂದರು? ತನ್ನ ಕಸುಬಿನಲ್ಲಿ ಪಳಗಿದ ಕೈ ಅಲ್ಲಿದೆ. ಬಡತನ ಮಾತ್ರ ಕಂಡಿದ್ದರೆ ಅದನ್ನು ತಂದದ್ದು ಎಡಿಟಿಂಗ್.

ಸ್ಪರ್ಧೆಗೆ ಕಳಿಸುವವರು ಸಲಹೆ ಕೊಡುವಾಗ, ಪಡೆಯುವಾಗ ಇನ್ನೊಂದು ಎಚ್ಚರ ಇಟ್ಟುಕೊಳ್ಳಬೇಕು. ‘ಆ ಕೊಂಬೆ ಅಳಿಸಿಬಿಡಿ’ ಅನ್ನುವುದು ಮನೆಯ ಗೋಡೆಗೆ ಹಾಕುವ ಫೋಟೊಗೆ ಪರವಾಗಿಲ್ಲ. 1950ರಲ್ಲಿ ಶುರುವಾದ ಅಂತರರಾಷ್ಟ್ರೀಯ ಫೋಟೊಗ್ರಫಿ ಒಕ್ಕೂಟ ಎಫ್‌ಐಎಪಿಯ ನಿಯಮದಂತೆ ನೇಚರ್ ವಿಭಾಗದಲ್ಲಿ ಕ್ರಾಪ್ ಬಿಟ್ಟು ಫ್ರೇಮಿನೊಳಗಿನ ಏನನ್ನೂ ಅಳಿಸುವ ಹಾಗಿಲ್ಲ, ಸೇರಿಸುವ ಹಾಗೂ ಇಲ್ಲ. ನಿಮ್ಮ ಸ್ನೇಹದ ಸಲಹೆಯಿಂದಲೇ ಅವರ ಫೋಟೊ ಅನರ್ಹವಾದೀತು.

ಸಲಾನ್ ಎಂದು ಕರೆಯುವ ಇಂಥ ಸ್ಪರ್ಧೆಗಳಲ್ಲಿ ತೀರ್ಪುಗಾರರು ಒಂದೊಂದು ಫೋಟೊವನ್ನು ಕೆಲವೇ ಸೆಕೆಂಡು ನೋಡಿ ಅಂಕ ಕೊಟ್ಟು ಮುಂದೆ ಹೋಗುತ್ತಾರೆ. ಸಾವಿರಾರು ಫೋಟೊ ಬಂದಾಗ ಬೇರೆ ದಾರಿ ಇಲ್ಲ. ಅಕ್ಸೆಪ್ಟೆನ್ಸ್ (ಫೋಟೊ ಆಯ್ಕೆಯಾದ ಮನ್ನಣೆ) ಸಿಗಲಿಲ್ಲ ಎಂದು ಕೊರಗುವವರು, ಸಿಕ್ಕಿತು ಎಂದು ಬೀಗುವವರು ಇಬ್ಬರ ಕೈಯಲ್ಲೂ ಇರುವುದು ಒಂದು ಅಂಕ ಅಷ್ಟೇ. ಯಾಕೆ ಅನ್ನುವುದು ಬೇಕಿದ್ದರೆ ಅದೇ ಫೋಟೊವನ್ನು ಪ್ರಿಂಟ್ ಹಾಕಿಸಿ, ಫೋಟೊಗ್ರಫಿ ಗೊತ್ತಿರುವ ಒಬ್ಬರಿಗೆ, ಏನೂ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, ಕಣ್ಣು ಮೊದಲು ಎಲ್ಲಿಗೆ ಹೋಯಿತು ಎಂದು ಕೇಳಿ.